ವಿಶೇಷ ಆರ್ಥಿಕ ವಲಯದ ಪುನರ್ವಸತಿ ಸೇವೆ: ಜಮೀನು ಬಿಟ್ಟುಕೊಟ್ಟವರ ಕಡೆಯಿಂದ ಒಂದು ವಿಮರ್ಶೆ

ರಫ್ತು ಉದ್ಯಮಗಳಿಗೆಂದು ಮೀಸಲಿಡುವ ವಿಶೇಷ ಆರ್ಥಿಕ ವಲಯಕ್ಕಾಗಿ ಒಂದು ಊರಿನ ಜಮೀನು ಹೋದಾಗ ಆ ಊರಿನವರಿಗೆ ಪರಿಹಾರ, ಮನೆ, ಉದ್ಯೋಗ, ತರಬೇತಿ ಎಂದು ಹಲವು ಸೌಲಭ್ಯಗಳನ್ನು ಒದಗಿಸುವ ವ್ಯವಸ್ಥೆ ನಮ್ಮ ದೇಶದಲ್ಲಿದೆ. ಕಾನೂನಿನಲ್ಲಿ ಅದಕ್ಕೆ ಪುನರ್ವಸತಿ ಮತ್ತು ಪುನರ್ವ್ಯವಸ್ಥೆ ಎಂಬ ಹೆಸರಿದೆ. ಊರಿನವರು ಅದನ್ನು ‘ಪ್ಯಾಕೇಜು’ ಎಂದೇ ಕರೆಯುತ್ತಾರೆ. ಈ ಪ್ಯಾಕೇಜನ್ನು ಒಂದು ಸಾರ್ವಜನಿಕ ಸೇವೆ ಎಂದು ಪರಿಗಣಿಸಿ ನಾನು ಇಲ್ಲಿ ವಿಮರ್ಶೆ ಮಾಡುತ್ತಿದ್ದೇನೆ. ಬಸ್ಸು, ಬ್ಯಾಂಕು, ಆಸ್ಪತ್ರೆಗಳ ಸೇವೆ ಸರಿಬರದಿದ್ದರೆ ಬಳಕೆದಾರರು ಬೇರೊಂದರ ಕಡೆಗೆ ಹೋಗಬಹುದು. ಈ ಸೇವೆಯನ್ನು ಮಾತ್ರ ಯಾರೂ ಬಯಸಿ ಪಡೆಯುವುದಿಲ್ಲ, ಪಡೆದ ಮೇಲೆ ಹಿಂದಿರುಗಿಸಲೂ ಆಗುವುದಿಲ್ಲ. ಹಾಗಾಗಿ ಇದರ ಗುಣಮಟ್ಟವನ್ನು ಉಳಿದೆಲ್ಲ ಸೇವೆಗಳಿಗಿಂತ ಕಟ್ಟುನಿಟ್ಟಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ನನ್ನ ಅಳತೆ ಸರಳವಾದದ್ದು. ಕುಟುಂಬದ ಕೈಗೆ ಎಷ್ಟು ಹಣ ಬಂತು ಎಂಬುದಕ್ಕಿಂತ, ವಲಯದ ಕಾಂಪೌಂಡು ಎದ್ದು ಹತ್ತು ಹದಿನೈದು ವರ್ಷ ಕಳೆದ ಮೇಲೆ ಆ ಕುಟುಂಬಕ್ಕೆ ತಿಂಗಳು ತಿಂಗಳು ಬರುವ ಆದಾಯವೊಂದು ಇದೆಯೇ, ತನ್ನ ಊರಿನ ಬಗ್ಗೆ ಮಾತಾಡುವ ಹಕ್ಕು ಉಳಿದಿದೆಯೇ ಎಂಬುದನ್ನು ನೋಡುತ್ತೇನೆ. ಈ ಅಳತೆಯಲ್ಲಿ ಸೇವೆಯ ಕೆಲವು ಭಾಗಗಳು ನಿಜಕ್ಕೂ ಚೆನ್ನಾಗಿವೆ. ಅತಿ ಹೆಚ್ಚು ಪ್ರಚಾರ ಪಡೆದ ಭಾಗವೇ ಅತಿ ದುರ್ಬಲವಾಗಿದೆ. ಅಂಕ ಕೊಡುವುದಾದರೆ ಐದಕ್ಕೆ ಎರಡೂವರೆ ಕೊಡುತ್ತೇನೆ, ಅದರಲ್ಲಿ ಬಹುಪಾಲು ಕಾಗದದ ಮೇಲಿರುವ ನಿಯಮಗಳಿಗೆ ಸಲ್ಲುತ್ತದೆ.

ಈ ಸೇವೆ ಹುಟ್ಟಿದ ಸಂದರ್ಭವನ್ನು ತಿಳಿದುಕೊಳ್ಳದೆ ಇದರ ಗುಣದೋಷ ಅರ್ಥವಾಗುವುದಿಲ್ಲ. ರಫ್ತಿಗಾಗಿಯೇ ಮೀಸಲಾದ ವಲಯ ನಮಗೆ ಹೊಸದಲ್ಲ. ಗುಜರಾತಿನ ಕಾಂಡ್ಲಾದಲ್ಲಿ 1965ರಲ್ಲೇ ಅಂಥದ್ದೊಂದು ಆರಂಭವಾಯಿತು. ಆದರೆ 2005ರಲ್ಲಿ ವಿಶೇಷ ಆರ್ಥಿಕ ವಲಯ ಕಾಯ್ದೆ ಬಂದು, 2006ರ ಫೆಬ್ರವರಿಯಲ್ಲಿ ನಿಯಮಗಳು ಜಾರಿಯಾದ ಮೇಲೆ, ಕೆಲವೇ ತಿಂಗಳಲ್ಲಿ ದೇಶದ ಉದ್ದಗಲಕ್ಕೂ ವಲಯಗಳಿಗೆ ಮಂಜೂರಾತಿ ದೊರೆಯಿತು. ಭೂಮಿ ಪಡೆಯಲು ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ಜಮೀನಿನ ಮಾಲೀಕನಿಗೆ ನಗದು ಪರಿಹಾರದ ಮಾತಿತ್ತೇ ಹೊರತು, ಅದೇ ಜಮೀನಿನಲ್ಲಿ ದುಡಿಯುತ್ತಿದ್ದ ಕೂಲಿಯವರ ಹೆಸರೂ ಇರಲಿಲ್ಲ. 2007ರ ಮಾರ್ಚ್ 14ರಂದು ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ ಪೊಲೀಸ್ ಗೋಲಿಬಾರಿಗೆ 14 ಮಂದಿ ಬಲಿಯಾದ ನಂತರ ಕೇಂದ್ರ ಸರ್ಕಾರ ವಲಯದ ಗರಿಷ್ಠ ವಿಸ್ತೀರ್ಣವನ್ನು 5,000 ಹೆಕ್ಟೇರಿಗೆ ಮಿತಿಗೊಳಿಸಿತು. ವಲಯದ ಕನಿಷ್ಠ ಅರ್ಧ ಭಾಗ ಉತ್ಪಾದನೆಗೇ ಮೀಸಲಾಗಬೇಕು ಎಂದಿತು. ಆಮೇಲೆ ಹಲವು ವರ್ಷಗಳ ಚರ್ಚೆಯ ಬಳಿಕ 2013ರ ಹೊಸ ಭೂಸ್ವಾಧೀನ ಕಾಯ್ದೆ ಬಂದು, 2014ರ ಜನವರಿ 1ರಿಂದ ಜಾರಿಯಾಯಿತು. ಈಗ ನಾವು ಪ್ಯಾಕೇಜು ಎನ್ನುವುದರ ಮೂಲ ರೂಪ ಆ ಕಾಯ್ದೆಯ ಅನುಸೂಚಿಗಳಲ್ಲಿದೆ.

ಮೊದಲು ಹಣದ ಮಾತು. ಹೊಸ ಕಾಯ್ದೆಯ ಲೆಕ್ಕದಲ್ಲಿ ಜಮೀನಿನ ಮಾರುಕಟ್ಟೆ ಮೌಲ್ಯವನ್ನು ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಎರಡರವರೆಗಿನ ಗುಣಾಂಕದಿಂದ ಗುಣಿಸಿ, ಮರ, ಬಾವಿ, ಕಟ್ಟಡಗಳ ಬೆಲೆಯನ್ನು ಕೂಡಿಸಿ, ಬಂದ ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು ಸೊಲೇಷಿಯಂ, ಅಂದರೆ ಸಾಂತ್ವನ ಧನ, ಎಂದು ಸೇರಿಸುತ್ತಾರೆ. ಎಕರೆಗೆ 10 ಲಕ್ಷ ರೂಪಾಯಿ ಮೌಲ್ಯವಿದ್ದು ಗುಣಾಂಕ ಎರಡಾಗಿದ್ದರೆ ಒಟ್ಟು 40 ಲಕ್ಷ ರೂಪಾಯಿ ಆಗುತ್ತದೆ. 1894ರ ಕಾಯ್ದೆಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮೂಲ ಮೌಲ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ, ಇಲ್ಲವೇ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚಿನ ದರ ತೋರಿಸಿರುವ ಅರ್ಧ ಭಾಗದ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ನಮ್ಮಲ್ಲಿ ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ರೂಢಿ ಎಷ್ಟು ವ್ಯಾಪಕವಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಬುಡವೇ ಚಿಕ್ಕದಾದಾಗ ಗುಣಿಸಿದ ಮೊತ್ತವೂ ನಿಜವಾದ ಬೆಲೆಯ ಹತ್ತಿರಕ್ಕಷ್ಟೇ ಬಂದು ನಿಲ್ಲುತ್ತದೆ.

ಇದಕ್ಕಿಂತ ಗಂಭೀರವಾದ ತೊಂದರೆ ಇನ್ನೊಂದಿದೆ. ವಲಯದ ಸುದ್ದಿ ಹಬ್ಬಿದ ಕೂಡಲೇ ಸುತ್ತಲಿನ ಹತ್ತಾರು ಹಳ್ಳಿಗಳ ಜಮೀನಿನ ಬೆಲೆ ಏರುತ್ತದೆ, ಆದರೆ ಪರಿಹಾರದ ಲೆಕ್ಕ ಏರಿಕೆಗೆ ಮುಂಚಿನ ದಿನಾಂಕದಲ್ಲಿ ನಿಂತಿರುತ್ತದೆ. ಎರಡು ಎಕರೆ ಕಳೆದುಕೊಂಡ ರೈತ ಅದೇ ಹಣದಲ್ಲಿ ಹತ್ತಿರದಲ್ಲೆಲ್ಲೂ ಎರಡು ಎಕರೆ ಕೊಳ್ಳಲಾರ. ಕೊಳ್ಳಬೇಕೆಂದರೆ ನೆಂಟರಿಲ್ಲದ, ನೀರಿನ ಪರಿಚಯವಿಲ್ಲದ ದೂರದ ತಾಲ್ಲೂಕಿಗೆ ಹೋಗಬೇಕು. ಬೇಸಾಯವನ್ನೇ ಮುಂದುವರಿಸಲು ಬಯಸುವ ಕುಟುಂಬಕ್ಕೆ ಈ ಪ್ಯಾಕೇಜಿನಲ್ಲಿ ನಿಜವಾದ ದಾರಿ ಇಲ್ಲ. ಭೂಮಿಗೆ ಬದಲಾಗಿ ಭೂಮಿ ಕೊಡುವ ಅವಕಾಶವನ್ನು ಕಾಯ್ದೆ ನೀರಾವರಿ ಯೋಜನೆಗಳ ಸಂತ್ರಸ್ತರಿಗೆ ಇಟ್ಟಿದೆ, ಕೈಗಾರಿಕಾ ಯೋಜನೆಗಳವರಿಗೆ ಸಾಮಾನ್ಯವಾಗಿ ಇಟ್ಟಿಲ್ಲ. ಇದನ್ನು ನಾನು ಈ ಸೇವೆಯ ವಿನ್ಯಾಸದಲ್ಲೇ ಇರುವ ಕೊರತೆ ಎಂದು ಪರಿಗಣಿಸುತ್ತೇನೆ.

ಸೇವೆ ಯಾರಿಗೆ ತಲುಪುತ್ತದೆ ಎಂಬ ವಿಷಯದಲ್ಲಿ ಕಾಯ್ದೆಯನ್ನು ಮೆಚ್ಚಲೇಬೇಕು. ಬಾಧಿತ ಕುಟುಂಬ ಎಂಬುದರ ವ್ಯಾಖ್ಯೆಯೊಳಗೆ ಮಾಲೀಕರ ಜೊತೆಗೆ ಗೇಣಿದಾರರು, ಪಾಲಿಗೆ ಉಳುವವರು, ಕೃಷಿ ಕೂಲಿಗಳು, ಕುಶಲಕರ್ಮಿಗಳು ಸೇರಿದ್ದಾರೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಲ್ಲೇ ದುಡಿದು ಅದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡಿದ್ದರೆ ಸಾಕು. ವಯಸ್ಕ ಮಗನೂ ವಯಸ್ಕ ಮಗಳೂ ಪ್ರತ್ಯೇಕ ಕುಟುಂಬಗಳೆಂದು ಲೆಕ್ಕಕ್ಕೆ ಬರುತ್ತಾರೆ. ವಿಧವೆಯರು, ವಿಚ್ಛೇದಿತರು, ಗಂಡ ಬಿಟ್ಟುಹೋದ ಹೆಂಗಸರು ಕೂಡ ಬೇರೆ ಕುಟುಂಬಗಳೇ. ಒಂದೇ ಪಹಣಿಯಲ್ಲಿ ಅಜ್ಜನ ಹೆಸರಿದ್ದು, ಆ ಮನೆಯಲ್ಲಿ ಮೂವರು ವಯಸ್ಕರಿದ್ದರೆ ಪುನರ್ವಸತಿಯ ಹಕ್ಕು ಒಂದೇ ಎಂದು ತಿಳಿಯಬೇಕಾಗಿಲ್ಲ. ಆದರೆ ಈ ಮಾತು ಊರಿನ ಜನರಿಗೆ ತಿಳಿಯುವುದೇ ಇಲ್ಲ. ಅಧಿಕಾರಿಗಳು ಪಹಣಿ ಹಿಡಿದು ಬರುತ್ತಾರೆ, ಪಹಣಿಯಲ್ಲಿ ಇಲ್ಲದವರು ಹಿಂದೆ ನಿಂತು ನೋಡುತ್ತಾರೆ. ಕೂಲಿ ಮಾಡಿದ ಮೂರು ವರ್ಷಕ್ಕೆ ಯಾವ ಕೂಲಿಯವನ ಬಳಿ ರಸೀದಿ ಇರುತ್ತದೆ? ಬಾಯಿಮಾತಿನ ಗೇಣಿಗೆ ಯಾವ ಕಾಗದ ಇರುತ್ತದೆ? ತೀರಿಕೊಂಡ ತಾತನ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆಯೇ ಆಗದ ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ ಪರಿಹಾರದ ಹಂಚಿಕೆಯ ದಾವೆ ಹೂಡಿ, ಹಣ ನ್ಯಾಯಾಲಯದ ಠೇವಣಿಯಲ್ಲಿ ವರ್ಷಗಟ್ಟಲೆ ಕೂರುವುದೂ ಸಾಮಾನ್ಯ. ವ್ಯಾಖ್ಯೆ ಉದಾರವಾಗಿದೆ, ಆದರೆ ಸಾಕ್ಷ್ಯ ಒದಗಿಸುವ ಭಾರವನ್ನೆಲ್ಲ ಅತ್ಯಂತ ಬಡವರ ತಲೆಯ ಮೇಲೆ ಹೊರಿಸಲಾಗಿದೆ.

ಈಗ ಉದ್ಯೋಗದ ಭರವಸೆಗೆ ಬರೋಣ. ಪ್ರತಿಯೊಂದು ವಲಯದ ಶಂಕುಸ್ಥಾಪನೆಯಲ್ಲೂ ಕೇಳುವ ಮಾತು ಇದು: ಮನೆಗೊಂದು ಕೆಲಸ. ಕಾಯ್ದೆಯ ಎರಡನೇ ಅನುಸೂಚಿ ಬಾಧಿತ ಕುಟುಂಬಕ್ಕೆ ಮೂರು ಆಯ್ಕೆಗಳನ್ನು ಕೊಡುತ್ತದೆ: ಕುಟುಂಬದ ಒಬ್ಬರಿಗೆ ತರಬೇತಿಯೊಡನೆ ಉದ್ಯೋಗ, ಅಥವಾ ಒಂದೇ ಸಲಕ್ಕೆ 5 ಲಕ್ಷ ರೂಪಾಯಿ, ಅಥವಾ ತಿಂಗಳಿಗೆ ಕನಿಷ್ಠ 2,000 ರೂಪಾಯಿಯಂತೆ 20 ವರ್ಷ ಮಾಸಾಶನ. ಉದ್ಯೋಗದ ಆಯ್ಕೆಯ ಪದಗಳನ್ನು ನಿಧಾನವಾಗಿ ಓದಬೇಕು. ಯೋಜನೆಯಿಂದ ಉದ್ಯೋಗ ಸೃಷ್ಟಿಯಾದಲ್ಲಿ, ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳಕ್ಕೆ, ಆ ಯೋಜನೆಯಲ್ಲಿ ಅಥವಾ ಬೇರೊಂದರಲ್ಲಿ ಕೆಲಸದ ಏರ್ಪಾಡು ಮಾಡಬೇಕು ಎಂದಷ್ಟೇ ಅಲ್ಲಿದೆ. ಕೆಲಸ ಕಾಯಂ ಆಗಿರಬೇಕು ಎಂದಿಲ್ಲ, ಎಷ್ಟು ವರ್ಷ ಇರಬೇಕು ಎಂದಿಲ್ಲ. ಪರಿಹಾರದ ಹಣಕ್ಕೆ ಐತೀರ್ಪಿನಿಂದ (ಪರಿಹಾರ ನಿಗದಿಪಡಿಸುವ ಆದೇಶದಿಂದ) ಮೂರು ತಿಂಗಳು, ಪುನರ್ವಸತಿಯ ನಗದು ಭಾಗಕ್ಕೆ ಆರು ತಿಂಗಳು, ಮೂಲಸೌಕರ್ಯಕ್ಕೆ 18 ತಿಂಗಳು ಎಂದು ಕಾಯ್ದೆ ಗಡುವು ಹಾಕಿದೆ. ಉದ್ಯೋಗಕ್ಕೆ ಮಾತ್ರ ಅಂಥ ದಿನಾಂಕ ಇಲ್ಲ. ಭೂಮಿ ಇಂದು ಹೋಗುತ್ತದೆ, ಕಾರ್ಖಾನೆ ಐದಾರು ವರ್ಷದ ಮೇಲೆ ಏಳುತ್ತದೆ. ಸ್ವಾಧೀನದ ದಿನ 30 ವರ್ಷದವನಾಗಿದ್ದ ಯುವಕ ಅಷ್ಟರಲ್ಲಿ ನೇಮಕಾತಿಯ ವಯೋಮಿತಿ ದಾಟಿರುತ್ತಾನೆ.

ಕೆಲಸದ ಸ್ವರೂಪವೂ ಊರಿನವರಿಗೆ ಒಗ್ಗುವಂಥದ್ದಲ್ಲ. ದೇಶದ ವಿಶೇಷ ಆರ್ಥಿಕ ವಲಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಹಿತಿ ತಂತ್ರಜ್ಞಾನಕ್ಕೆ ಸೇರಿದವು. ಅಲ್ಲಿ ಜಮೀನು ಕೊಟ್ಟವರ ಮನೆಯವರಿಗೆ ಉಳಿಯುವುದು ಹೆಚ್ಚಾಗಿ ಗೇಟಿನ ಕಾವಲು, ಹೌಸ್‌ಕೀಪಿಂಗ್, ತೋಟದ ಕೆಲಸ, ಅದೂ ಗುತ್ತಿಗೆದಾರನ ಹೆಸರಿನಲ್ಲಿ. ಪೆಟ್ರೋಕೆಮಿಕಲ್ ಘಟಕವಾದರೆ ರಸಾಯನಶಾಸ್ತ್ರದ ಪದವಿ, ಡಿಪ್ಲೊಮಾ, ಐಟಿಐ ಪ್ರಮಾಣಪತ್ರ ಕೇಳುತ್ತಾರೆ. ತರಬೇತಿ ಕೊಡುತ್ತೇವೆ ಎನ್ನುವವರು ಭೂಮಿ ಹೋಗುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಅದನ್ನು ಆರಂಭಿಸಿದ್ದರೆ, ಮೊದಲ ನೇಮಕಾತಿಯ ದಿನ ಊರಿನ ಹುಡುಗ ಹುಡುಗಿಯರೂ ಹೊರಗಿನವರ ಜೊತೆ ಸಮನಾಗಿ ನಿಲ್ಲುತ್ತಿದ್ದರು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತಿರುಗುಮುರುಗು: ಕಾಂಪೌಂಡು ಮೊದಲು, ತರಬೇತಿ ಆಮೇಲೆ.

ಕೆಲಸ ಸಿಕ್ಕವರ ಪಾಡನ್ನೂ ನೋಡಬೇಕು. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ನೋಕಿಯಾ ಕಂಪನಿಯ ಮೊಬೈಲ್ ಕಾರ್ಖಾನೆ 2006ರಲ್ಲಿ ಆರಂಭವಾಗಿ, ಸಾವಿರಾರು ಜನರಿಗೆ, ಅದರಲ್ಲೂ ಹಳ್ಳಿಗಳಿಂದ ಬಂದ ಯುವತಿಯರಿಗೆ ಕೆಲಸ ಕೊಟ್ಟಿತ್ತು. 2014ರ ನವೆಂಬರಿನಲ್ಲಿ ಅದು ಉತ್ಪಾದನೆ ನಿಲ್ಲಿಸಿತು. ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿದ್ದ ಜೆಬಿಎಫ್ ಪೆಟ್ರೋಕೆಮಿಕಲ್ಸ್ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, 2023ರಲ್ಲಿ ಸರ್ಕಾರಿ ಅನಿಲ ಕಂಪನಿ ಗೇಲ್ ಅದನ್ನು ವಹಿಸಿಕೊಂಡಿತು. ಅಲ್ಲಿ ಕೆಲಸಕ್ಕಿದ್ದ ನಿರ್ವಸಿತ ಕುಟುಂಬಗಳ ನೌಕರರ ಭವಿಷ್ಯ ಏನು ಎಂಬ ಪ್ರಶ್ನೆ ಆಗ ಸಾರ್ವಜನಿಕವಾಗಿ ಎದ್ದಿತು. ಜಮೀನು ಹೋದದ್ದು ಶಾಶ್ವತವಾಗಿ, ಅದಕ್ಕೆ ಬದಲಾಗಿ ಬಂದ ಕೆಲಸ ಕಂಪನಿಯ ಆಯುಸ್ಸಿನಷ್ಟು ಮಾತ್ರ. ನಿರ್ವಸಿತರ ಉದ್ಯೋಗದ ಹೊಣೆಯನ್ನು ಒಂದು ಘಟಕದ ಮೇಲೆ ಹಾಕದೆ ಇಡೀ ವಲಯದ ಅಭಿವೃದ್ಧಿ ಸಂಸ್ಥೆಯ ಮೇಲೆ ಹಾಕಬೇಕು. ಒಂದು ಘಟಕ ಮುಚ್ಚಿದರೆ ಇನ್ನೊಂದರಲ್ಲಿ ಕೆಲಸ ಕೊಡಿಸುವುದು ಆ ಸಂಸ್ಥೆಯ ಲಿಖಿತ ಕರ್ತವ್ಯವಾಗಬೇಕು. ಈ ಒಂದು ತಿದ್ದುಪಡಿ ಆದರೂ ಸೇವೆಯ ಮಟ್ಟ ಬಹಳ ಮೇಲೇರುತ್ತದೆ.

ಉಳಿದ ಎರಡು ಆಯ್ಕೆಗಳನ್ನು ಜನರು ಸರಿಯಾಗಿ ಹೋಲಿಸಿ ನೋಡುವುದಿಲ್ಲ, ಹೋಲಿಸಿ ತೋರಿಸುವವರೂ ಇರುವುದಿಲ್ಲ. ತಿಂಗಳಿಗೆ 2,000 ರೂಪಾಯಿಯಂತೆ 20 ವರ್ಷಕ್ಕೆ ಲೆಕ್ಕ ಹಾಕಿದರೆ 4,80,000 ರೂಪಾಯಿ ಆಗುತ್ತದೆ; ಒಂದೇ ಸಲ 5 ಲಕ್ಷ ಕೈಗೆ ಬರುವಾಗ ಇದನ್ನು ಯಾರು ಆರಿಸುತ್ತಾರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಮಾಸಾಶನವನ್ನು ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿಸುತ್ತಾ ಹೋಗಬೇಕು ಎಂದು ಅದೇ ಅನುಸೂಚಿ ಹೇಳುತ್ತದೆ. ಬೆಲೆಗಳು ಏರಿದಂತೆ ಕೊನೆಯ ವರ್ಷಗಳ ಕಂತು ಮೊದಲಿನದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮದುವೆ, ಹಳೆಯ ಸಾಲ, ಹೊಸ ವಾಹನಗಳ ಒತ್ತಡದಲ್ಲಿ ಆ ಹಣ ಒಂದೇ ವರ್ಷದಲ್ಲಿ ಕರಗಿಹೋಗುವುದಿಲ್ಲ. ದುಡಿಯುವ ಕೈ ಇಲ್ಲದ ಮನೆಗೆ, ವಯಸ್ಸಾದ ದಂಪತಿಗೆ, ಒಂಟಿ ಹೆಂಗಸಿಗೆ ಈ ಮಾಸಾಶನ ಇಡೀ ಪ್ಯಾಕೇಜಿನಲ್ಲೇ ಅತ್ಯಂತ ಬೆಲೆಯುಳ್ಳ ಅಂಶ ಎಂದು ನನಗೆ ಅನಿಸುತ್ತದೆ. ಕನಿಷ್ಠ ಮೊತ್ತವನ್ನು 2013ರ ಮಟ್ಟದಲ್ಲೇ ಬಿಟ್ಟಿರುವುದು ಮಾತ್ರ ನ್ಯಾಯವಲ್ಲ; ಕಾಯ್ದೆ ಕನಿಷ್ಠ ಎಂದು ಹೇಳಿದ್ದನ್ನು ಅಧಿಕಾರಿಗಳು ಗರಿಷ್ಠ ಎಂದು ಓದಬಾರದು.

ಇಷ್ಟೆಲ್ಲದರ ನಡುವೆ ಊರಿನವರು ತಾವಾಗಿ ಏನು ಮಾಡಿಕೊಂಡಿದ್ದಾರೆ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ನಿಜವಾದ ಹೊಂದಾಣಿಕೆ ಅಲ್ಲಿಯೇ ನಡೆಯುತ್ತಿದೆ. ವಲಯದ ಸುತ್ತ ಜಾಗ ಉಳಿಸಿಕೊಂಡವರು ಸಾಲುಮನೆ ಕಟ್ಟಿ ಹೊರರಾಜ್ಯದ ಕಾರ್ಮಿಕರಿಗೆ ಬಾಡಿಗೆಗೆ ಕೊಡುತ್ತಾರೆ. ಕೆಲವರು ಟೆಂಪೊ, ಬಸ್ಸು ಕೊಂಡು ಕಂಪನಿಗಳಿಗೆ ಕಾಂಟ್ರಾಕ್ಟಿನ ಮೇಲೆ ಓಡಿಸುತ್ತಾರೆ. ಕ್ಯಾಂಟೀನು, ನೀರಿನ ಟ್ಯಾಂಕರು, ಜೆಸಿಬಿ, ಕಾರ್ಮಿಕರನ್ನು ಒದಗಿಸುವ ಗುತ್ತಿಗೆ, ಹೀಗೆ ಹತ್ತು ದಾರಿ ಹುಡುಕಿಕೊಳ್ಳುತ್ತಾರೆ. ಚೀನಾದ ಷೆನ್‌ಜೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಅಲ್ಲಿನ ಹಳ್ಳಿಗಳು ಸಾಮೂಹಿಕ ಜಮೀನನ್ನು ಷೇರು ಪಾಲುದಾರಿಕೆಯ ಕಂಪನಿಗಳನ್ನಾಗಿ ರೂಪಿಸಿಕೊಂಡು, ವಲಸೆ ಕಾರ್ಮಿಕರಿಗೆ ಬಾಡಿಗೆ ಮನೆ ಕಟ್ಟಿ, ನಗರದ ನಡುವೆಯೇ ಹಳ್ಳಿಗಳಾಗಿ ಉಳಿದುಕೊಂಡವು. ನಮ್ಮಲ್ಲಿ ಪುಣೆಯ ಮಗರ್‌ಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ, ಜಮೀನಿನ ಪ್ರಮಾಣಕ್ಕೆ ತಕ್ಕ ಷೇರು ಪಡೆದು, ತಾವೇ ಟೌನ್‌ಶಿಪ್ ಕಟ್ಟಿ, ಅದರ ಗುತ್ತಿಗೆ ಕೆಲಸಗಳನ್ನೂ ತಮ್ಮವರೇ ಹಿಡಿದರು. ಅದು ಸರ್ಕಾರಿ ಭೂಸ್ವಾಧೀನದಿಂದ ಆದದ್ದಲ್ಲ. ನಗರದ ಮಗ್ಗುಲಲ್ಲೇ ಜಮೀನು ಇದ್ದದ್ದೂ ಅವರಿಗೆ ಅನುಕೂಲವಾಯಿತು. ಹಾಗಿದ್ದರೂ ಬೆಳೆದ ಭೂಮಿಯ ಬೆಲೆಯಲ್ಲಿ ಊರಿಗೆ ಪಾಲು ಉಳಿದರೆ ಜನ ಹೇಗೆ ಎದ್ದು ನಿಲ್ಲುತ್ತಾರೆ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಕಾಯ್ದೆಯಲ್ಲೂ ಇದರ ಒಂದು ಸಣ್ಣ ಬೀಜವಿದೆ. ನಗರೀಕರಣದ ಉದ್ದೇಶಕ್ಕೆ ಭೂಮಿ ಪಡೆದಾಗ ಅಭಿವೃದ್ಧಿಪಡಿಸಿದ ಭೂಮಿಯ ಶೇಕಡಾ 20ರಷ್ಟನ್ನು ಮಾಲೀಕರಿಗೆ ಅವರವರ ಪಾಲಿನಂತೆ ಖರೀದಿಸಲು ಕೊಡಬೇಕು ಎಂದು ಎರಡನೇ ಅನುಸೂಚಿ ಹೇಳುತ್ತದೆ. ವಿಶೇಷ ಆರ್ಥಿಕ ವಲಯಕ್ಕೂ ಇದನ್ನು ಕಡ್ಡಾಯವಾಗಿ ವಿಸ್ತರಿಸಬೇಕೆಂದು ನಾನು ಬಲವಾಗಿ ವಾದಿಸುತ್ತೇನೆ. ಆದರೆ ಭರವಸೆ ಕೊಟ್ಟರಷ್ಟೇ ಸಾಲದು. ಪುಣೆ ಜಿಲ್ಲೆಯ ಖೇಡ್‌ನಲ್ಲಿ ರೈತರಿಗೆ ಅಭಿವೃದ್ಧಿಪಡಿಸಿದ ಭೂಮಿಯ ಶೇಕಡಾ 15ರಷ್ಟನ್ನು ಮರಳಿಸುವ ಒಪ್ಪಂದವಾಗಿ, ಅದಕ್ಕಾಗಿ ರೈತರ ಕಂಪನಿಯೂ ಸ್ಥಾಪನೆಯಾಯಿತು. ಆದರೆ ಅದು ಅವರು ನಿರೀಕ್ಷಿಸಿದ ಬಗೆಯಲ್ಲಿ ಕೈಗೆ ಬಾರದೆ ವಿವಾದ ವರ್ಷಗಟ್ಟಲೆ ಎಳೆಯಿತು. ಭೂಮಿಯ ಪಾಲು ಕೊಡುವುದಾದರೆ ಯಾವ ಸರ್ವೆ ನಂಬರಿನಲ್ಲಿ, ಯಾವ ದಿನಾಂಕದೊಳಗೆ, ಯಾವ ರಸ್ತೆಗೆ ಹೊಂದಿಕೊಂಡಂತೆ ಎಂಬುದು ಒಪ್ಪಂದದಲ್ಲೇ ಇರಬೇಕು.

ಬಾಡಿಗೆ ಮನೆಯ ದಾರಿ ಎಲ್ಲರಿಗೂ ತೆರೆದಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಗೇಟಿನ ಹತ್ತಿರ ಜಾಗ ಇದ್ದವರಿಗೆ ಅದು ವರ. ಜಾಗವೇ ಇಲ್ಲದವರಿಗೆ ಅದೇ ಬಾಡಿಗೆ ಹೊಸ ಹೊರೆ. ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದ, ಸೊಪ್ಪು ತರಕಾರಿ ಮಾರುತ್ತಿದ್ದ ಹೆಂಗಸರ ಕೈಯಲ್ಲಿ ಒಂದಿಷ್ಟು ಸ್ವಂತ ಹಣ ಓಡಾಡುತ್ತಿತ್ತು. ಗೋಮಾಳ ಹೋದ ಮೇಲೆ ಹಸು ಹೋಗುತ್ತದೆ, ಹಸು ಹೋದ ಮೇಲೆ ಆ ಹಣ ಹೋಗುತ್ತದೆ. ಪರಿಹಾರದ ಚೆಕ್ಕು ಮಾತ್ರ ಬಹುಪಾಲು ಗಂಡಸರ ಖಾತೆಗೇ ಬರುತ್ತದೆ. ಮನೆಯೊಳಗಿನ ಈ ಬದಲಾವಣೆಯನ್ನು ಅಳೆಯುವ ಯಾವ ಕಾಲಂ ಕೂಡ ಪುನರ್ವಸತಿ ಅರ್ಜಿಯಲ್ಲಿ ಇರುವುದಿಲ್ಲ.

ಸಾಮೂಹಿಕ ಆಸ್ತಿಯ ವಿಷಯದಲ್ಲಿ ಕಾಯ್ದೆಯ ಮೂರನೇ ಅನುಸೂಚಿ ಸಾಕಷ್ಟು ಯೋಚಿಸಿದೆ. ಪುನರ್ವಸತಿ ಗ್ರಾಮದಲ್ಲಿ ಇರಬೇಕಾದ 25 ಸೌಕರ್ಯಗಳ ಪಟ್ಟಿಯಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರು, ನ್ಯಾಯಬೆಲೆ ಅಂಗಡಿಗಳ ಜೊತೆಗೆ ಹುಲ್ಲುಗಾವಲು, ಸ್ಮಶಾನ, ಪೂಜಾಸ್ಥಳಗಳೂ ಸೇರಿವೆ. ದಕ್ಷಿಣ ಕನ್ನಡದ ಅನುಭವವನ್ನು ಬಲ್ಲವರಿಗೆ ಇದರ ಮಹತ್ವ ಗೊತ್ತು. ನವಮಂಗಳೂರು ಬಂದರಿಗಾಗಿ ಪಣಂಬೂರಿನ ಕಡೆಯ ಕುಟುಂಬಗಳು ಕಾಟಿಪಳ್ಳಕ್ಕೆ ಬಂದವು. ಆಮೇಲೆ ತೈಲ ಶುದ್ಧೀಕರಣ ಘಟಕ ಬಂತು. ನಂತರ ಕಳವಾರು, ಪೆರ್ಮುದೆ, ಬಜ್ಪೆಯ ಸುತ್ತ ವಿಶೇಷ ಆರ್ಥಿಕ ವಲಯ ಬಂತು. ಅಲ್ಲಿ ಮನೆ ಬಿಡುವುದೆಂದರೆ ನಾಗಬನವನ್ನೂ ದೈವಸ್ಥಾನವನ್ನೂ ಬಿಡುವುದಾಗಿತ್ತು. ಕುಮ್ಕಿ ಜಾಗದಿಂದ ತರುತ್ತಿದ್ದ ಸೊಪ್ಪು ಸೌದೆಯೂ ಅದರ ಜೊತೆಗೇ ಹೋಗುತ್ತಿತ್ತು. ಕುಮ್ಕಿ ಎಂದರೆ ರೈತನ ಜಮೀನಿಗೆ ಹೊಂದಿಕೊಂಡ ಸರ್ಕಾರಿ ಜಾಗ. ಅದರಿಂದ ಬೇಸಾಯ ನಡೆಯುತ್ತಿದ್ದರೂ ಮಾಲೀಕತ್ವದ ಲೆಕ್ಕದಲ್ಲಿ ಅದು ರೈತನದಲ್ಲ. ಗುಜರಾತಿನ ಮುಂದ್ರಾ ಕರಾವಳಿಯ ಮೀನುಗಾರರ ಕಥೆಯೂ ಇದೇ ಬಗೆಯದು: ಸಮುದ್ರತೀರಕ್ಕೆ ಪಹಣಿ ಇಲ್ಲ, ಆದರೆ ತೀರಕ್ಕೆ ಹೋಗುವ ದಾರಿ ಮುಚ್ಚಿದರೆ ಕಸುಬೇ ನಿಂತುಹೋಗುತ್ತದೆ. ಒಡೆತನದ ಕಾಗದವಿಲ್ಲದ ಬಳಕೆಗೆ ಬೆಲೆ ಕಟ್ಟುವುದನ್ನು ಈ ಸೇವೆ ಇನ್ನೂ ಕಲಿಯಬೇಕಾಗಿದೆ.

ಸೇವೆಯನ್ನು ಒದಗಿಸುವ ಮುಂಚೆ ಜನರ ಮಾತು ಕೇಳುವ ಹಂತವೊಂದಿದೆ. ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸಿ, ಸಾರ್ವಜನಿಕ ಅಹವಾಲು ಕೇಳಬೇಕು. ಖಾಸಗಿ ಕಂಪನಿಗಾದರೆ ಶೇಕಡಾ 80ರಷ್ಟು, ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವಕ್ಕಾದರೆ ಶೇಕಡಾ 70ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು. ಯಾರು ಏನು ಕಳೆದುಕೊಳ್ಳುತ್ತಾರೆ ಎಂಬ ಪಟ್ಟಿ ಸಿದ್ಧವಾಗುವುದೇ ಈ ಅಧ್ಯಯನದಲ್ಲಿ. ಕೂಲಿಯವರು, ಗೇಣಿದಾರರು, ಮೀನುಗಾರರು ಲೆಕ್ಕಕ್ಕೆ ಬರುವ ಒಂದೇ ಬಾಗಿಲು ಇದು. ಗುಜರಾತ್ 2016ರಲ್ಲಿ, ಕರ್ನಾಟಕ 2019ರಲ್ಲಿ ತಿದ್ದುಪಡಿ ತಂದು ಹಲವು ಬಗೆಯ ಯೋಜನೆಗಳಿಗೆ ಇದರಿಂದ ವಿನಾಯಿತಿ ಕೊಡುವ ಅಧಿಕಾರ ಪಡೆದವು. ಇದು ನನಗೆ ತೀವ್ರ ಬೇಸರ ತಂದ ಸಂಗತಿ. ಜನರ ಮಾತು ಕೇಳಿದರೆ ಯೋಜನೆ ನಿಂತೇಹೋಗುತ್ತದೆ ಎಂಬ ಭಯ ಇದರ ಹಿಂದಿದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ 2008ರ ಸೆಪ್ಟೆಂಬರಿನಲ್ಲಿ ಹೇಟವಣೆ ಅಣೆಕಟ್ಟಿನ ನೀರಾವರಿ ವ್ಯಾಪ್ತಿಯ 22 ಹಳ್ಳಿಗಳಲ್ಲಿ ಅಲ್ಲಿ ಬರಲಿದ್ದ ವಿಶೇಷ ಆರ್ಥಿಕ ವಲಯದ ಬಗ್ಗೆ ಜನಾಭಿಪ್ರಾಯ ಸಂಗ್ರಹ ನಡೆದು, ಮುಂದೆ ಆ ವಲಯ ಕೈಬಿಟ್ಟುಹೋದದ್ದು ನಿಜ. ಆದರೆ ಕೇಳದೆ ಮುಂದುವರಿದ ಕಡೆಯೂ ಯೋಜನೆಗಳು ನಿಂತಿವೆ. ಮಂಗಳೂರು ವಲಯದ ಎರಡನೇ ಹಂತಕ್ಕೆಂದು ಗುರುತಿಸಿದ್ದ 2,035 ಎಕರೆಯನ್ನು 2011ರಲ್ಲಿ ರಾಜ್ಯ ಸರ್ಕಾರ ಕೈಬಿಡಬೇಕಾಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾಂತರಿಕ್ಷ ಪಾರ್ಕಿಗೆಂದು ಆರಂಭವಾದ 1,777 ಎಕರೆಯ ಸ್ವಾಧೀನವನ್ನು ರೈತರ ಮೂರು ವರ್ಷ ಮೀರಿದ ಹೋರಾಟದ ನಂತರ 2025ರ ಜುಲೈನಲ್ಲಿ ಹಿಂದಕ್ಕೆ ಪಡೆಯಲಾಯಿತು. ಸ್ವಇಚ್ಛೆಯಿಂದ ಕೊಡುವವರಿಗೆ ಹೆಚ್ಚಿನ ಪರಿಹಾರ ಮತ್ತು ಅಭಿವೃದ್ಧಿಪಡಿಸಿದ ನಿವೇಶನ ಕೊಡುವುದಾಗಿ ಆಗ ಸರ್ಕಾರ ಹೇಳಿತು. ಆ ಮಾತನ್ನು ಮೊದಲ ದಿನವೇ ಆಡಿ, ಇಷ್ಟವಿಲ್ಲದವರ ಜಮೀನನ್ನು ಆಗಲೇ ಬಿಟ್ಟಿದ್ದರೆ ಆ ಮೂರು ವರ್ಷ ಆ ಹಳ್ಳಿಗಳು ಬೀದಿಯಲ್ಲಿ ಕೂರಬೇಕಾಗಿರಲಿಲ್ಲ.

ಪಡೆದ ಭೂಮಿ ಬಳಕೆಯಾಗದೆ ಬಿದ್ದಿರುವುದು ಇನ್ನೊಂದು ಅಧ್ಯಾಯ. ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) 2014ರ ವರದಿಯ ಪ್ರಕಾರ ವಿಶೇಷ ಆರ್ಥಿಕ ವಲಯಗಳಿಗೆಂದು ಅಧಿಸೂಚಿಸಿದ್ದ 45,635 ಹೆಕ್ಟೇರಿನಲ್ಲಿ ಚಟುವಟಿಕೆ ಆರಂಭವಾಗಿದ್ದದ್ದು 28,488 ಹೆಕ್ಟೇರಿನಲ್ಲಿ ಮಾತ್ರ. ಐದು ವರ್ಷ ಬಳಸದೆ ಬಿಟ್ಟ ಭೂಮಿಯನ್ನು ಮೂಲ ಮಾಲೀಕರಿಗೆ ಮರಳಿಸಬೇಕು ಎಂದು 2013ರ ಕಾಯ್ದೆಯ 101ನೇ ಕಲಂ ಹೇಳುತ್ತದೆ, ಆದರೆ ಅದರ ಜೊತೆಗೇ ಸರ್ಕಾರದ ಭೂ ಬ್ಯಾಂಕಿಗೆ ಸೇರಿಸುವ ಆಯ್ಕೆಯನ್ನೂ ಇಟ್ಟಿದೆ. ಎರಡು ಆಯ್ಕೆಗಳಲ್ಲಿ ಯಾವುದು ಎಂಬುದನ್ನು ಸರ್ಕಾರವೇ ನಿರ್ಧರಿಸುವುದರಿಂದ ಈ ಕಲಂ ಊರಿನವರಿಗೆ ಗಟ್ಟಿಯಾದ ಆಸರೆ ಅಲ್ಲ. ಅಭಿವೃದ್ಧಿ ಮಾಡದೆ ಹೆಚ್ಚಿನ ಬೆಲೆಗೆ ಭೂಮಿಯನ್ನು ಬೇರೆಯವರಿಗೆ ವರ್ಗಾಯಿಸಿದರೆ ಏರಿದ ಬೆಲೆಯ ಶೇಕಡಾ 40ರಷ್ಟನ್ನು ಮೂಲ ಮಾಲೀಕರಿಗೆ ಹಂಚಬೇಕು ಎನ್ನುವ 102ನೇ ಕಲಂ ಇದಕ್ಕಿಂತ ಬಲವಾದದ್ದು; ಆದರೆ ಆ ಹಕ್ಕು ತಮಗಿದೆ ಎಂದು ತಿಳಿದವರು ಕಡಿಮೆ.

ಕರ್ನಾಟಕದಲ್ಲಿ ಈ ಸೇವೆಯನ್ನು ಪಡೆಯುವವರು ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಇಲ್ಲಿ ಕೈಗಾರಿಕೆಗೆ ಭೂಮಿ ಬಹುತೇಕ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ಹೋಗುತ್ತದೆ. ಆ ಕಾಯ್ದೆಯ 28(1)ನೇ ಕಲಂನ ಅಧಿಸೂಚನೆ, 28(2)ರ ನೋಟಿಸು, ನಂತರ 29(2)ರಡಿ ಒಪ್ಪಂದದ ದರ, ಇದು ಅಲ್ಲಿನ ಕ್ರಮ. ಆದ್ದರಿಂದ 2013ರ ಕಾಯ್ದೆಯ ಮಾಸಾಶನ, ಪ್ರತ್ಯೇಕ ಕುಟುಂಬದ ಹಕ್ಕು, ಮೂಲಸೌಕರ್ಯದ ಪಟ್ಟಿ ತಾವಾಗಿ ಬರುತ್ತವೆ ಎಂದು ನಂಬಿ ಕೂರಬಾರದು. ದರದ ಸಭೆಯಲ್ಲೇ ಅವುಗಳನ್ನೂ ಬರವಣಿಗೆಯಲ್ಲಿ ಕೇಳಬೇಕು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ದಾರಿ ಬಹಳ ಕಿರಿದಾಗುತ್ತದೆ, ಹಾಗಾಗಿ ಒಂಟಿಯಾಗಿ ಹೋಗಿ ಸಹಿ ಹಾಕುವುದಕ್ಕಿಂತ ಊರಿನವರೆಲ್ಲ ಸೇರಿ ವಕೀಲರೊಬ್ಬರಿಗೆ ಕರಡನ್ನು ತೋರಿಸಿ ಮುಂದುವರಿಯುವುದು ಒಳ್ಳೆಯದು.

ಯಾರಿಗೆ ಯಾವುದು ಸೂಕ್ತ ಎಂಬ ಬಗ್ಗೆಯೂ ನನ್ನ ಸಲಹೆ ಇದೆ. ಓದಿದ ಯುವಕ ಯುವತಿಯರಿರುವ ಮನೆ ಉದ್ಯೋಗವನ್ನು ಆರಿಸುವುದಾದರೆ, ನೇಮಕಾತಿ ಕಂಪನಿಯ ಹೆಸರಿನಲ್ಲೋ ಗುತ್ತಿಗೆದಾರನ ಹೆಸರಿನಲ್ಲೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ದುಡಿಯುವವರು ಕಡಿಮೆ ಇರುವ ಮನೆಗೆ ಮಾಸಾಶನವೇ ಮೇಲು. ನಿವೇಶನದ ಪಾಲು ಸಿಗುವ ಅವಕಾಶವಿದ್ದರೆ ಹಣಕ್ಕಿಂತ ಅದನ್ನೇ ಕೇಳಬೇಕು. ಕೂಲಿಯವರು ಮತ್ತು ಗೇಣಿದಾರರು ಪಡಿತರ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಡೈರಿಯ ಪಾಸ್‌ಪುಸ್ತಕ, ಮಕ್ಕಳ ಶಾಲಾ ದಾಖಲೆ, ಗ್ರಾಮ ಪಂಚಾಯಿತಿಯ ರಸೀದಿ, ಹೀಗೆ ಆ ಊರಿನಲ್ಲಿ ಬದುಕಿದ್ದಕ್ಕೆ ಸಾಕ್ಷಿಯಾಗುವ ಪ್ರತಿಯೊಂದು ಕಾಗದವನ್ನೂ ಈಗಲೇ ಒಟ್ಟುಮಾಡಿಡಬೇಕು. ಆಕ್ಷೇಪಣೆಗೆ 2013ರ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ, ಕೆಐಎಡಿಬಿಯ 28(2) ನೋಟಿಸು ತಲುಪಿದ ಮೇಲೆ 30 ದಿನ ಮಾತ್ರ ಸಮಯವಿದೆ. ಆಕ್ಷೇಪಣೆಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಮನೆಗೆ ತರಬೇಕು.